ನಂಜುಂಡನ ತೇರಿನ ಹಗ್ಗ

ಫಾಲ್ಗುಣ ಬಂತೆಂದರೆ ನಂಜನಗೂಡಿನಲ್ಲಿ ದೊಡ್ಡ ಜಾತ್ರೆ. ಐದು ತೇರುಗಳು ಒಂದೇ ದಿನ ರಥಬೀದಿಗೆ ಬರುತ್ತವೆ. ಗಣಪತಿಯದು ಮೊದಲು. ಶ್ರೀಕಂಠೇಶ್ವರ ಕೂರುವ ಗೌತಮ ರಥವೇ ಎಲ್ಲಕ್ಕಿಂತ ದೊಡ್ಡದು. ಅಲಂಕಾರವೆಲ್ಲ ಸೇರಿ ಸುಮಾರು 90 ಅಡಿ. ಅಷ್ಟು ದೊಡ್ಡ ತೇರಿಗೆ ಇಂಜಿನ್ ಇಲ್ಲ, ಸ್ಟೇರಿಂಗ್ ಇಲ್ಲ, ಬ್ರೇಕೂ ಇಲ್ಲ. ಇರುವುದು ಹಗ್ಗ ಮತ್ತು ಜನ.

ಈ ಸಲ ಆ ಹಗ್ಗ ಹಿಡಿಯುವ ಭಾಗ್ಯ ನನಗೂ ಸಿಕ್ಕಿತು. ಇನ್ನೂ ಅದೇ ಗುಂಗಿನಲ್ಲಿದ್ದೇನೆ.

ಹಗ್ಗ ಹಿಡಿಯುವುದನ್ನು ಕಲಿಸಿದ್ದು ನಮ್ಮ ತಾತ. ಅದೇನು ಕಲಿಯುವ ವಿದ್ಯೆಯಾ ಅನ್ನಿಸಬಹುದು. ಹೌದು, ವಿದ್ಯೆಯೇ. "ಮೊದ್ಲು ಹಗ್ಗ ಕಣ್ಣಿಗೊತ್ಕೋ. ಆಮೇಲೆ ಹಿಡ್ಕೊಂಡು ಸುಮ್ನೆ ನಿಂತ್ಕೋ. ಆತುರ ಬಿದ್ದು ಎಳೀಬೇಡ. ಸ್ವಾಮಿ ಹೊರಟಾಗ ನಿನ್ನ ಕೈಗೇ ಗೊತ್ತಾಗುತ್ತೆ" ಅನ್ನುತ್ತಿದ್ದರು. ಅವರ ಅಂಗೈ ಒರಟು. ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು ಹಗ್ಗ ಹಿಡಿಸುತ್ತಿದ್ದರು. ಅವರು ಹೋಗಿ ಎಷ್ಟೋ ಕಾಲವಾಯಿತು, ಆ ಅಂಗೈ ಮಾತ್ರ ಮರೆತಿಲ್ಲ.

ತಾತನ ಮಾತು ಎಷ್ಟು ನಿಜ ಅಂತ ಹಗ್ಗ ಹಿಡಿದವರಿಗೇ ಗೊತ್ತು. ಒಬ್ಬ ಈಗ, ಇನ್ನೊಬ್ಬ ಆಮೇಲೆ ಎಳೆದರೆ ತೇರು ಜಪ್ಪಯ್ಯ ಅಂದರೂ ಅಲುಗಾಡುವುದಿಲ್ಲ. ನಿಂತ ತೇರನ್ನು ಕದಲಿಸುವುದೇ ಕಷ್ಟ. ಗಾಲಿ ಒಮ್ಮೆ ಉರುಳಿತೆಂದರೆ ಆಮೇಲೆ ಅಷ್ಟು ಬಲ ಬೇಡ. ಅದಕ್ಕೇ ಜೈಕಾರ ಬೇಕು. ಸಾವಿರಾರು ಕೈಗಳಿಗೆ ಒಂದೇ ಗಳಿಗೆ ಸಿಗುವುದು ಆ ಕೂಗಿನಿಂದ. ನೆಲದ ಮೇಲೆ ಬಿದ್ದಿದ್ದ ಹಗ್ಗ ಮೇಲೇಳುತ್ತದೆ. ಸಡಿಲವೆಲ್ಲ ಹೋಗಿ ಬಿಗಿಯಾಗುತ್ತದೆ. ಎಳೆಗಳು ಒಂದಕ್ಕೊಂದು ಉಜ್ಜಿ ಕಿರ್ರ್ ಅನ್ನುತ್ತವೆ. ಗಾಲಿ ಇನ್ನೂ ತಿರುಗಿರುವುದಿಲ್ಲ, ಆದರೆ ಹಗ್ಗದೊಳಗೆ ಒಂದು ನಡುಕ ಹರಿದು ಅಂಗೈಗೆ ಬರುತ್ತದೆ. ಮೈಯೆಲ್ಲ ಜುಂ ಅನ್ನುತ್ತದೆ. ನಾನು ಎಳೆದೆನೋ, ನನ್ನನ್ನೇ ಯಾರಾದರೂ ಎಳೆದರೋ, ಹೇಳಲಾರೆ. ಅಳು ಬಂದುಬಿಟ್ಟಿತು.

ಈ ಶ್ರೀಕಂಠೇಶ್ವರನ ಕಥೆಯಲ್ಲೂ ಒಂದು ಹಗ್ಗವಿದೆ, ಅಲ್ವಾ? ವಾಸುಕಿಯನ್ನೇ ಹಗ್ಗ ಮಾಡಿಕೊಂಡು ಸಮುದ್ರ ಕಡೆದರು. ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ರಾಕ್ಷಸರು. ಎಳೆದಾಟದಲ್ಲಿ ಹಾಲಾಹಲ ಎದ್ದಿತು. ಅದನ್ನು ಕುಡಿದು ನಂಜುಂಡನಾದವನು ಇವನು. ರಥಬೀದಿಯ ಹಗ್ಗಕ್ಕೆ ಎರಡು ಕಡೆಯಿಲ್ಲ. ಯಾವ ಮನೆಯವರು, ಯಾವ ಕೇರಿಯವರು ಅಂತ ಯಾರೂ ಕೇಳುವುದಿಲ್ಲ. ನಮ್ಮೆಲ್ಲರ ನಂಜು ಕುಡಿದವನನ್ನು ಎಲ್ಲರೂ ಒಂದೇ ದಿಕ್ಕಿಗೆ ಎಳೆಯುತ್ತೇವೆ.

ಗಾಲಿಯ ಪಕ್ಕದಲ್ಲೇ ಮರದ ತುಂಡು ಹಿಡಿದು ನಡೆಯುವವರನ್ನು ಗಮನಿಸಿದ್ದೀರಾ? ತೇರು ನಿಲ್ಲಬೇಕಾದರೂ ತಿರುಗಬೇಕಾದರೂ ಅವರೇ ಬೇಕು. ಒಂದು ಕಡೆಯ ಗಾಲಿಗೆ ಮರ ಕೊಟ್ಟರೆ ಆ ಗಾಲಿ ತಡೆದು ತೇರು ವಾಲಿಕೊಂಡು ತಿರುಗುತ್ತದೆ. ಕೈ ತೆಗೆಯುವುದು ಒಂದು ಕ್ಷಣ ತಡವಾದರೆ ಕೈಯೇ ಹೋಯಿತು. ನಾವೆಲ್ಲ ಸ್ವಾಮಿಯನ್ನು ನೋಡುತ್ತಾ ಹಣ್ಣು ಜವನ ಎಸೆಯುತ್ತೇವೆ. ಅವರ ಕಣ್ಣು ಮಾತ್ರ ಗಾಲಿ ಬಿಟ್ಟು ಮೇಲೇಳುವುದಿಲ್ಲ. ನನ್ನ ಮಟ್ಟಿಗೆ ಆ ದಿನದ ದೊಡ್ಡ ಪೂಜೆ ಅವರದೇ.

ಒಂದು ಬೇಸರವನ್ನೂ ಹೇಳಬೇಕು. ಈಗ ಒಂದು ಕೈ ಹಗ್ಗದ ಮೇಲೆ, ಇನ್ನೊಂದು ಕೈಯಲ್ಲಿ ಮೊಬೈಲ್. ಹಗ್ಗ ಬಿಗಿಯಾಗುವ ಹೊತ್ತಿಗೆ ಸೆಲ್ಫಿಗೆ ತಿರುಗುತ್ತಾರೆ. ಇದು ಭಕ್ತಿಯ ಮಾತಷ್ಟೇ ಅಲ್ಲ, ಅಪಾಯವೂ ಹೌದು. ಕೆಲವು ಊರುಗಳಲ್ಲಂತೂ ತೇರನ್ನು ಹಿಂದಿನಿಂದ ಜೆಸಿಬಿ ತಳ್ಳುತ್ತದೆ. ಜನ ಇದ್ದಾರೆ, ಎಳೆಯುವ ಕೈಗಳು ಕಡಿಮೆಯಾಗಿವೆ. ದೊಡ್ಡ ತೇರು ಮುಂದೆ ಹೋಯಿತೆಂದರೆ ಬೀದಿ ಕರಗತೊಡಗುತ್ತದೆ. ಆಮೇಲೆ ಬರುವ ತೇರುಗಳಿಗೂ ಹಗ್ಗವಿದೆ, ಅವುಗಳಲ್ಲೂ ದೇವರಿದ್ದಾನೆ. ಮುಂದಿನ ಫಾಲ್ಗುಣದಲ್ಲಿ ಬಂದರೆ ದಯವಿಟ್ಟು ಗೌತಮ ರಥ ನೋಡಿ ಹೊರಟುಬಿಡಬೇಡಿ. ಮೊಬೈಲ್ ಜೇಬಿನಲ್ಲಿಟ್ಟು ಹಿಂದೆ ಬರುವ ತೇರುಗಳ ಹಗ್ಗಕ್ಕೂ ಎರಡೂ ಕೈ ಕೊಡಿ.