78 ಡಿಗ್ರಿ ಉತ್ತರದಲ್ಲೊಂದು ಬಣ್ಣದ ಪೆಟ್ಟಿಗೆ

ಉತ್ತರ ಧ್ರುವದ ಕಡೆಗಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್‌ಬಾರ್ಡ್. ಅಲ್ಲಿನ ಲಾಂಗಿಯರ್‌ಬಿಯೆನ್ ಊರಿನ ಅಂಚಿನಲ್ಲಿ ಒಂದು ತ್ರಿಕೋನ ಫಲಕ ನಿಂತಿದೆ. ಕೆಂಪು ಅಂಚು, ಕಪ್ಪು ನೆಲ, ನಡುವೆ ಬಿಳಿ ಹಿಮಕರಡಿ. ಕೆಳಗೆ ನಾರ್ವೇಜಿಯನ್ ಭಾಷೆಯಲ್ಲಿ ಒಂದೇ ಸಾಲು: ಇಡೀ ಸ್ವಾಲ್‌ಬಾರ್ಡ್‌ಗೆ ಅನ್ವಯ. ಆಸ್ಪತ್ರೆ, ಕಚೇರಿಗಳಿಗೆ ಸೂಚನಾ ಫಲಕ ಮಾಡಿಕೊಟ್ಟು ಹೊಟ್ಟೆ ಹೊರೆಯುವ ನನಗೆ ಇದನ್ನು ಕಂಡು ಹೊಟ್ಟೆಕಿಚ್ಚಾಯಿತು. ದಂಡದ ಮೊತ್ತವಿಲ್ಲ, ಯಾರದೋ ಆದೇಶದ ಸಂಖ್ಯೆಯಿಲ್ಲ, ಬಾಣವೂ ಇಲ್ಲ. ಕರಡಿ ಯಾವ ಕಡೆಯಿಂದಾದರೂ ಬರಬಹುದಾದ್ದರಿಂದ ಬಾಣ ಹಾಕುವುದಾದರೂ ಎಲ್ಲಿಗೆ?

ಹಾಯಿಹಡಗಿನಲ್ಲಿ ಸ್ವಾಲ್‌ಬಾರ್ಡ್‌ನ ಪಶ್ಚಿಮ ಕರಾವಳಿ ಸುತ್ತುವ ಕಲಾವಿದರ ತಂಡವೊಂದರಲ್ಲಿ ನನಗೂ ಜಾಗ ಸಿಕ್ಕಿತ್ತು. ಅಕ್ಟೋಬರ್ ಮೊದಲ ವಾರ. ತಿಂಗಳ ಕೊನೆಗೆ ಸೂರ್ಯ ಮುಳುಗಿದರೆ ಮತ್ತೆ ಕಾಣುವುದು ಫೆಬ್ರವರಿಯಲ್ಲಿ.

ಹಡಗು ಹೊರಡುವ ಮುನ್ನ ಊರು ನೋಡಿದೆ. ಸುಮಾರು 2,500 ಜನ. 1906ರಲ್ಲಿ ಜಾನ್ ಮನ್ರೊ ಲಾಂಗಿಯರ್ ಎಂಬ ಅಮೆರಿಕನ್ನನ ಕಂಪನಿ ಕಲ್ಲಿದ್ದಲಿಗಾಗಿ ಕಟ್ಟಿದ ಊರು. ಮನೆಗಳೆಲ್ಲ ಮರದ ಕಂಬಗಳ ಮೇಲೆ ನಿಂತಿವೆ. ನೆಲದಡಿ ಸದಾ ಹೆಪ್ಪುಗಟ್ಟಿದ ಮಣ್ಣು. ಮನೆಯ ಬಿಸಿ ಅದಕ್ಕೆ ತಾಗಿದರೆ ಮಣ್ಣು ಕರಗಿ ಮನೆಯೇ ವಾಲುತ್ತದೆ. ಹಾಗಾಗಿ ಅಡಿಯಲ್ಲಿ ಗಾಳಿ ಆಡಲು ಜಾಗ ಬಿಟ್ಟಿದ್ದಾರೆ. ಬಿಸಿನೀರಿನ ಪೈಪುಗಳೂ ನೆಲದ ಮೇಲೆಯೇ, ಎಲ್ಲರ ಕಣ್ಣೆದುರೇ ಸಾಗುತ್ತವೆ. ಹೋಟೆಲಿಗೆ ಹೋದರೂ ಮ್ಯೂಸಿಯಮ್ಮಿಗೆ ಹೋದರೂ ಬೂಟು ಬಾಗಿಲಲ್ಲೇ ಬಿಡಬೇಕು. ಗಣಿಯ ಕಪ್ಪು ಧೂಳು ಒಳಗೆ ಬರದಿರಲೆಂದು ಶುರುವಾದ ಪದ್ಧತಿ, ಇಲ್ಲಿನ ನಾರ್ವೆಯ ಕೊನೆಯ ಕಲ್ಲಿದ್ದಲು ಗಣಿ 2025ರಲ್ಲಿ ಮುಚ್ಚಿದ ಮೇಲೂ ಉಳಿದುಕೊಂಡಿದೆ. ನಮ್ಮ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಬಿಡಿ.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಮನೆಗಳ ಬಣ್ಣ. ತುಕ್ಕುಗೆಂಪು, ಸಾಸಿವೆ, ಪಾಚಿಹಸಿರು, ಮಂಕು ನೀಲಿ. ಪೋಸ್ಟ್‌ಕಾರ್ಡುಗಳಲ್ಲಿ ನೋಡಿದಾಗ ಒಬ್ಬೊಬ್ಬರು ತಮಗಿಷ್ಟ ಬಂದದ್ದು ಬಳಿದುಕೊಂಡಿದ್ದಾರೆ ಅನ್ನಿಸುತ್ತದೆ. ಆದರೆ ಬರ್ಗೆನ್ ನಗರದ ವರ್ಣತಜ್ಞೆ ಗ್ರೆಟೆ ಸ್ಮೆಡಾಲ್ 1980ರ ದಶಕದಿಂದ ಇಡೀ ಊರನ್ನು ಒಟ್ಟಾಗಿ ನೋಡಿ ರೂಪಿಸಿದ ಯೋಜನೆ ಅದು. ಒಂದು ಮನೆಯ ಬಣ್ಣ ಪಕ್ಕದ ಮನೆಯ ಮಾತು ಕೇಳುತ್ತದೆ, ಎರಡೂ ಸೇರಿ ಹಿಂದಿನ ಬೆಟ್ಟದ ಮಾತು ಕೇಳುತ್ತವೆ. ತಿಂಗಳುಗಟ್ಟಲೆ ಕತ್ತಲು, ಉಳಿದ ಕಾಲ ಬಹುಪಾಲು ಬಿಳುಪು ಇರುವಲ್ಲಿ ಬಣ್ಣ ಅಲಂಕಾರವಲ್ಲ, ಮನೆಗೆ ದಾರಿ. ನನ್ನ ಮನೆಯ ಗೋಡೆಗೆ ಯಾರೋ ಬಣ್ಣ ಗೊತ್ತು ಮಾಡಿದರೆ ನಾನು ಜಗಳಕ್ಕೇ ಇಳಿಯುತ್ತಿದ್ದೆ. ಆದರೂ ಇಲ್ಲಿ ಅದು ಸರಿ ಅನ್ನಿಸಿತು.

ಹಡಗು ಹತ್ತಿದ ಮೇಲೆ ಜಗಳವೇನೂ ತಪ್ಪಲಿಲ್ಲ. ಚಿತ್ರ ಬರೆಯುವವರಿಗೆ ಒಂಟಿತನ ಬೇಕು. ಅಲ್ಲಿ ಅದೊಂದೇ ಸಿಗುವುದಿಲ್ಲ. ದಡಕ್ಕಿಳಿದ ಕೂಡಲೇ ಕೋವಿ ಹೊತ್ತ ಗೈಡುಗಳು ಮೂರು ಮೂಲೆಗಳಲ್ಲಿ ನಿಲ್ಲುತ್ತಾರೆ, ನಾವೆಲ್ಲ ಆ ಮೂವರ ನಡುವೆ ಇರಬೇಕು. ಒಬ್ಬ ಛಾಯಾಗ್ರಾಹಕನಿಗೆ ಇನ್ನೈವತ್ತು ಹೆಜ್ಜೆ ಆಚೆಯ ಬಂಡೆ ಬೇಕು, ಧ್ವನಿ ಮುದ್ರಿಸುವ ಹುಡುಗಿಗೆ ನಮ್ಮ ಯಾರ ಕೆಮ್ಮೂ ಬೇಡ, ನನಗೆ ಚಳಿ. ಮೊದಲೆರಡು ದಿನ ಸಿಡಿಮಿಡಿ. ಆಮೇಲೆ ರಾತ್ರಿ ಊಟದ ಮೇಜಿನ ಮೇಲೆ ನಕ್ಷೆ ಹರಡಿ, ನಾಳೆ ಯಾರಿಗೆ ಎಷ್ಟು ಹೊತ್ತು ಮೌನ, ಯಾರಿಗೆ ಯಾವ ಬಂಡೆ ಎಂದು ನಾವೇ ಹಂಚಿಕೊಳ್ಳತೊಡಗಿದೆವು. ಆಕೆ ಧ್ವನಿ ಹಿಡಿಯುವ ಇಪ್ಪತ್ತು ನಿಮಿಷ ಎಲ್ಲರೂ ನಿಂತಲ್ಲೇ ನಿಲ್ಲುತ್ತಿದ್ದೆವು. ನೀರಿನಲ್ಲಿ ತೇಲುವ ಮಂಜುಗಡ್ಡೆಗಳು ಚಟಪಟ ಅನ್ನುವುದು ಆಗ ಕೇಳಿಸಿತು. ಎಷ್ಟೋ ಶತಮಾನದ ಹಿಂದೆ ಹಿಮದಲ್ಲಿ ಸಿಕ್ಕಿಕೊಂಡ ಗಾಳಿ ಗುಳ್ಳೆಯೊಡೆದು ಹೊರಬರುವ ಸದ್ದು. ಒಬ್ಬಳೇ ಇದ್ದಿದ್ದರೆ ನಾನು ಅಷ್ಟು ಹೊತ್ತು ಖಂಡಿತ ಸುಮ್ಮನಿರುತ್ತಿರಲಿಲ್ಲ.

ಜಲವರ್ಣದ ಕಥೆ ಬೇರೆಯೇ. ಕುಂಚದ ನೀರು ಕಾಗದಕ್ಕೆ ತಾಗಿದ್ದೇ ತಡ ಹೆಪ್ಪುಗಟ್ಟಿ, ಬಣ್ಣದೊಳಗೆ ಜರೀಗಿಡದ ಎಲೆಯಂಥ ಗೆರೆಗಳು ಮೂಡುತ್ತಿದ್ದವು. ನೋಡಲು ಚೆಂದ. ಹಡಗಿನ ಬಿಸಿಗೆ ತಂದರೆ ಕರಗಿ ಇಡೀ ಹಾಳೆ ಬೂದು ಕೊಚ್ಚೆ. ಜೊತೆಗಿದ್ದ ಪೋಲೆಂಡಿನ ಶಿಲ್ಪಿ ನೀರಿಗೆ ವೋಡ್ಕಾ ಬೆರೆಸಿಕೊಟ್ಟ. ಸ್ವಲ್ಪ ಮಟ್ಟಿಗೆ ಕೆಲಸ ಮಾಡಿತು, ಸಂಜೆಗೆ ವೋಡ್ಕಾ ಕಡಿಮೆ ಬಿತ್ತು. ಬ್ರಿಟಿಷ್ ಅನ್ವೇಷಕ ಕ್ಯಾಪ್ಟನ್ ಸ್ಕಾಟ್‌ನ ಜೊತೆ ಅಂಟಾರ್ಕ್ಟಿಕಾಕ್ಕೆ ಹೋಗಿ 1912ರಲ್ಲಿ ಅಲ್ಲೇ ತೀರಿಕೊಂಡ ವೈದ್ಯ, ಚಿತ್ರಕಾರ ಎಡ್ವರ್ಡ್ ವಿಲ್ಸನ್ ಹೊರಗೆ ಬಣ್ಣ ಮುಟ್ಟುತ್ತಿರಲಿಲ್ಲ. ಪೆನ್ಸಿಲಿನಲ್ಲಿ ಗೆರೆ ಎಳೆದು ಎಲ್ಲೆಲ್ಲಿ ಯಾವ ಬಣ್ಣ ಎಂದು ಅಕ್ಷರದಲ್ಲಿ ಗುರುತು ಹಾಕಿಕೊಂಡು, ಗುಡಿಸಲಿಗೆ ಬಂದು ದೀಪದ ಬೆಳಕಿನಲ್ಲಿ ಬರೆಯುತ್ತಿದ್ದ. ನಾನೂ ಅದನ್ನೇ ಹಿಡಿದೆ.

ಸ್ವಾಲ್‌ಬಾರ್ಡ್‌ನದೇ ಆದ ಆಮ್‌ಸ್ಟರ್‌ಡಾಮ್ ದ್ವೀಪದ ಸ್ಮೀರೆನ್‌ಬುರ್ಗ್‌ನಲ್ಲಿ 17ನೇ ಶತಮಾನದ ಡಚ್ಚರು ತಿಮಿಂಗಿಲದ ಕೊಬ್ಬು ಕಾಯಿಸಿದ ಒಲೆಗಳ ಗುರುತು ಇನ್ನೂ ಇದೆ. ಕಾಲಡಿಯ ತುಕ್ಕು ಮೊಳೆಯೊಂದಕ್ಕೆ ನಾನು ಬಗ್ಗಿದೆ. 'ಮುಟ್ಟಬೇಡ, ಅದು ಯಾರ ಸ್ವತ್ತೂ ಅಲ್ಲ, ಹಾಗಾಗಿ ಎಲ್ಲರದು' ಅಂದಳು ಗೈಡ್. 1946ಕ್ಕಿಂತ ಹಿಂದಿನ ಮನುಷ್ಯರ ಯಾವ ಕುರುಹಾದರೂ ಅಲ್ಲಿ ತಾನಾಗಿಯೇ ಸಂರಕ್ಷಿತ. ಕೂತು ಆ ಮೊಳೆಯನ್ನೇ ಬರೆದೆ. ತಲೆ ಚಪ್ಪಟೆ, ಮೈ ಚೌಕ, ಸುತ್ತ ಕಿತ್ತಳೆ ಬಣ್ಣದ ಒಂದು ಬೆರಳು ಅಗಲದ ಮಣ್ಣು. ಇಡೀ ಪ್ರಯಾಣದಲ್ಲಿ ನನಗೆ ಒಪ್ಪಿಗೆಯಾದ ಚಿತ್ರ ಅದೊಂದೇ.

ಸಂಶೋಧಕರ ಪುಟ್ಟ ಊರಾದ ನಿ-ಓಲೆಸುಂಡ್‌ನಲ್ಲಿ ಫೋನು, ವೈಫೈ, ಬ್ಲೂಟೂತ್ ಎಲ್ಲ ಆರಿಸಬೇಕು. ಬಹುದೂರದ ಕ್ವೇಸಾರ್ ಎಂಬ ಆಕಾಶಕಾಯಗಳ ರೇಡಿಯೋ ಸಂಕೇತ ಆಲಿಸುವ ದೊಡ್ಡ ಆಂಟೆನಾಗಳಿವೆ. 2008ರಲ್ಲಿ ತೆರೆದ ನಮ್ಮ ದೇಶದ 'ಹಿಮಾದ್ರಿ' ಸಂಶೋಧನಾ ಕೇಂದ್ರವೂ ಅಲ್ಲೇ. ಕರಡಿ ಬಂದರೆ ಯಾರಾದರೂ ಓಡಿ ಒಳಹೊಗಲಿ ಎಂದು ಅಲ್ಲಿ ಬಾಗಿಲುಗಳಿಗೆ ಬೀಗ ಹಾಕುವುದಿಲ್ಲ.

ಆದರೆ ಈ ಊರುಗಳ ವಿನ್ಯಾಸವೆಲ್ಲ ಜಾಣತನದ್ದು ಅಂತಲೂ ಅಲ್ಲ. ಲಾಂಗಿಯರ್‌ಬಿಯೆನ್‌ನಲ್ಲಿ ಸುಕರ್‌ಟೊಪ್ಪೆನ್ ಬೆಟ್ಟದ ಬುಡದಲ್ಲೇ ಮನೆ ಕಟ್ಟಿದ್ದರು. 2015ರ ಡಿಸೆಂಬರಿನಲ್ಲಿ ಹಿಮರಾಶಿ ಜಾರಿ 11 ಮನೆಗಳನ್ನು ಬುಡದಿಂದ ಕಿತ್ತು ತಳ್ಳಿತು, ಇಬ್ಬರು ಸತ್ತರು. ಹೂತುಹೋದವರನ್ನು ತೋಡಿ ತೆಗೆಯಲು ಸಲಿಕೆ ಹಿಡಿದು ಓಡಿಬಂದವರು ಅಕ್ಕಪಕ್ಕದವರು. ಈಗ ಬೆಟ್ಟದ ಮೈಗೆ ಹಿಮ ತಡೆಯುವ ಬೇಲಿಗಳ ಸಾಲು ಇದೆ, ಕೆಳಗಿನ ಎಷ್ಟೋ ಮನೆಗಳನ್ನು ಕೆಡವಿದ್ದಾರೆ. ಸ್ಮೆಡಾಲ್ ಜೋಡಿಸಿದ ಬಣ್ಣದ ಸಾಲಿನಲ್ಲಿ ಅಲ್ಲಷ್ಟು ಜಾಗ ಖಾಲಿ.

ಹೋಗುವ ಮನಸ್ಸಿದ್ದವರಿಗೆ: 1920ರ ಒಪ್ಪಂದದ ದೆಸೆಯಿಂದ ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡ. ಆದರೆ ವಿಮಾನ ನಾರ್ವೆಯ ಮೂಲಕ ಹೋಗುವುದರಿಂದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ಆದದ್ದು) ಬೇಕು. ದ್ವೀಪ ಷೆಂಗೆನ್ ಹೊರಗಿರುವುದರಿಂದ ಎರಡು ಸಲ ಒಳಬರುವಂಥದ್ದನ್ನೇ ಕೇಳಿ ಪಡೆಯಿರಿ. 2025ರಿಂದ ಸಂರಕ್ಷಿತ ಪ್ರದೇಶಗಳಲ್ಲಿ 43 ಜಾಗಗಳಲ್ಲಿ ಮಾತ್ರ ದಡಕ್ಕಿಳಿಯಬಹುದು. ಪೆನ್ಸಿಲು ಹೆಚ್ಚಾಗಿಯೇ ಒಯ್ಯಿರಿ, ಮೆತ್ತನೆಯವು.