ಅಮ್ಮನ ಹರಕೆ, ನನ್ನ ಕಾಲು

ಹರಕೆ ಹೊತ್ತಿದ್ದು ಅಮ್ಮ. ಬೆಟ್ಟ ಹತ್ತಬೇಕಾಗಿದ್ದು ನಾನು. ಅವಳ ಮಂಡಿ ಮನೆಯ ಮೆಟ್ಟಿಲಿಗೇ ಮುಷ್ಕರ ಹೂಡುತ್ತದೆ, ಇನ್ನು ದೇವೀರಮ್ಮನ ಬೆಟ್ಟ ಎಲ್ಲಿಂದ ಬಂತು!

ಚಿಕ್ಕಮಗಳೂರಿಗೆ ಬಂದವರೆಲ್ಲ ಮುಳ್ಳಯ್ಯನಗಿರಿಗೆ ಹೋಗುತ್ತಾರೆ. 1,930 ಮೀಟರ್, ರಾಜ್ಯಕ್ಕೇ ಎತ್ತರ. ತುದಿಯ ಹತ್ತಿರದವರೆಗೂ ಕಾರು ಹೋಗುತ್ತದೆ. ಅದೇ ಚಂದ್ರದ್ರೋಣದ ಸಾಲಿನಲ್ಲಿ, ಮಲ್ಲೇನಹಳ್ಳಿಯ ಬಿಂಡಿಗದ ಮೇಲೆ ಚೂಪಾಗಿ ನಿಂತಿರುವ ಈ ಬೆಟ್ಟವನ್ನು ಹೊರಗಿನವರು ಅಷ್ಟಾಗಿ ಕೇಳಿಲ್ಲ. ದೀಪಾವಳಿಯ ನರಕ ಚತುರ್ದಶಿ ಬಂದಾಗ ಮಾತ್ರ ಸಾವಿರಾರು ಜನ, ಬಹಳಷ್ಟು ಮಂದಿ ಬರಿಗಾಲಲ್ಲಿ, ನಡುರಾತ್ರಿಯಿಂದಲೇ ಹತ್ತುತ್ತಾರೆ. ಮಹಿಷಾಸುರನನ್ನು ಕೊಂದ ತಾಯಿ ಕೋಪ ಇಳಿಸಿಕೊಂಡು ಇಲ್ಲಿ ಬಂದು ನೆಲೆಸಿದಳು ಅನ್ನುವುದು ನಂಬಿಕೆ. ಕೋಪ ಇಳಿಯೋಕೆ ಇಷ್ಟು ಎತ್ತರ ಬೇಕಿತ್ತಾ ಅಂತ ದಾರಿಯುದ್ದಕ್ಕೂ ನನಗೆ ಅನ್ನಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ತುದಿಯಲ್ಲಿ ಸಂಜೆ ಬೆಂಕಿ ಹಚ್ಚುತ್ತಾರೆ. ಅದಕ್ಕೆ ಸೌದೆ, ಬಟ್ಟೆ, ಎಣ್ಣೆ, ತುಪ್ಪ ಎಲ್ಲ ಭಕ್ತರೇ ಹೊತ್ತು ತರಬೇಕು. ಅಮ್ಮ ಕಾಫಿ ಗಿಡದ ಮೂರು ಕಟ್ಟಿಗೆ ಆರಿಸಿ, ತನ್ನ ಹಳೇ ಸೀರೆಯ ಹಸಿರು ಅಂಚಿನಲ್ಲಿ ಬಿಗಿದು ಕೊಟ್ಟಿದ್ದಳು. "ನಿನ್ನ ಕೈಯಾರೆ ಹಾಕಬೇಕು, ತಿಳೀತಾ?"

ಮೊದಲರ್ಧ ಹೇಗೋ ಆಯಿತು. ಆಮೇಲೆ ದಾರಿ ಎದೆಗೇ ಬಂದು ನಿಂತಿತು. ಹಿಂದಿನ ದಿನ ಮಳೆ ಬಿದ್ದು ಕೆಂಪು ಮಣ್ಣು ಬೆಣ್ಣೆಯಾಗಿತ್ತು. ಹೆಬ್ಬೆರಳು ಊರಿದರೆ ಹಿಮ್ಮಡಿ ಜಾರುತ್ತದೆ. ಹುಲ್ಲಿನ ಬುಡ ಹಿಡಿದರೆ ಬುಡವೇ ಕೈಗೆ ಬರುತ್ತದೆ. ಒಂದು ಬಂಡೆಯ ಹತ್ತಿರ ಎರಡೂ ಕೈ ಬೇಕಾಯಿತು, ಒಂದರಲ್ಲಿ ಕಟ್ಟಿಗೆ. ಮೇಲಿನಿಂದ ಯಾರೋ ಕೈ ಚಾಚಿದರು. "ಕೊಡಣ್ಣ ಇಲ್ಲಿ."

ಕೊಟ್ಟೆ. ಹಸಿರು ಅಂಚು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿ, ಟಾರ್ಚ್ ಬೆಳಕಲ್ಲಿ ಎರಡು ಸಲ ಮಿನುಗಿ, ಮಂಜಿನಲ್ಲಿ ಕಾಣದಾಯಿತು. ನಾನು ಬಂಡೆ ಹತ್ತಿ ಉಸಿರು ಬಿಡುವಷ್ಟರಲ್ಲಿ ಕೆಳಗಿನಿಂದ ನನ್ನ ಕಾಲಿಗೆ ಏನೋ ತಾಗಿತು. ಇನ್ನೊಂದು ಕಟ್ಟು. ಹಿಡಿದಿದ್ದವಳು ಅಮ್ಮನಿಗಿಂತ ದೊಡ್ಡ ಅಜ್ಜಿ, ಸೀರೆ ಮೊಣಕಾಲವರೆಗೆ ಎತ್ತಿ ಕಟ್ಟಿದ್ದಳು. "ತಗೋ ಮಗ, ನಾನು ನಿಧಾನಕ್ಕೆ ಬರ್ತೀನಿ."

ಮುಂದಕ್ಕೆ ಕೊಡೋಣವೆಂದರೆ ಕೈ ಚಾಚಿದವರು ಮುಂದೆ ಹೋಗಿಬಿಟ್ಟಿದ್ದರು. ಹಾಗಾಗಿ ಅದನ್ನೇ ಬಗಲಲ್ಲಿ ಇಟ್ಟುಕೊಂಡು ತುದಿಯವರೆಗೆ ಹೋದೆ. ಪುಟ್ಟ ಗುಡಿ, ನೂಕುನುಗ್ಗಲು. ದರ್ಶನ ಸಿಕ್ಕಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಸೌದೆಯ ರಾಶಿಯಲ್ಲಿ ಹಸಿರು ಅಂಚು ಹುಡುಕಿದೆ, ಕಾಣಲಿಲ್ಲ. ಅಜ್ಜಿಯ ಕಟ್ಟನ್ನು ಹಾಕಿ, ಕೈ ಮುಗಿದು ಇಳಿದೆ. ಇಳಿಯುವುದು ಹತ್ತುವುದಕ್ಕಿಂತ ಜಾಸ್ತಿ ಕಷ್ಟ. ಅರ್ಧ ದಾರಿ ಕೂತುಕೊಂಡೇ ಜಾರಿದೆ.

ಸಂಜೆ ಅಂಗಳದಲ್ಲಿ ಅಮ್ಮ ಆರತಿ ತಟ್ಟೆ ಹಿಡಿದು ಬೆಟ್ಟದ ಕಡೆ ಮುಖ ಮಾಡಿ ನಿಂತಿದ್ದಳು. ಆ ತುದಿಯ ಬೆಂಕಿ ಕಾಣುವವರೆಗೆ ನಮ್ಮನೆಯಲ್ಲಿ ದೀಪ ಹಚ್ಚುವುದಿಲ್ಲ. ಕತ್ತಲಲ್ಲಿ ಒಂದು ಕೆಂಪು ಚುಕ್ಕೆ ಎದ್ದಿತು.

"ನಿನ್ನ ಕೈಯಾರೆ ಹಾಕಿದೆ ತಾನೆ?"

ನಡೆದದ್ದನ್ನು ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಆರತಿ ಎತ್ತಿ ಮೂರು ಸುತ್ತು ಬೆಳಗಿದಳು. ಆಮೇಲೆ ಕೇಳಿದಳು, "ಆ ಅಜ್ಜಿ ಮೇಲೆ ಬಂದು ಮುಟ್ಟಿದಳೇನೋ? ನೋಡಿದ್ಯಾ?"

ನೋಡಿರಲಿಲ್ಲ.