ಏನ್ ಹೊಡೀಬೇಕು ಮೇಡಂ?

ಬೆಳಿಗ್ಗೆ ಐದೂವರೆಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬರುತ್ತದೆ. ಒಂದೇ ಎಲೆ. ಅದರಲ್ಲೂ ಅರ್ಧ ಹೆಬ್ಬೆರಳು. ಕೆಳಗೆ ಮೂರೇ ಪದ: ಏನ್ ಹೊಡೀಬೇಕು ಮೇಡಂ?

ಯಾವ ಬೆಳೆ, ನೆಟ್ಟು ಎಷ್ಟು ದಿನ ಆಯ್ತು, ಯಾವ ಊರು, ಒಂದೂ ಇಲ್ಲ. ನಾನು ತರಕಾರಿ ಬೆಳೆಗಳ ರೋಗದ ಮೇಲೆ ಕೆಲಸ ಮಾಡಲು ಶುರು ಮಾಡಿ ಹದಿನೆಂಟು ವರ್ಷ ಆಯಿತು. ಬೇರೆ ಪ್ರಶ್ನೆ ಕೇಳಿದವರು ಒಂದು ಆಟೋದಲ್ಲಿ ಹಿಡಿಸುತ್ತಾರೆ.

ರೈತರು ಮಾತ್ರ ಕೇಳ್ತಾರೆ ಅಂದುಕೊಳ್ಳಬೇಡಿ. ಹೋದ ವರ್ಷ ತೀರ್ಥಹಳ್ಳಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಊಟಕ್ಕೆ ಕೂತಿದ್ದೆ. ಹೋಳಿಗೆ ಬಂದಿತ್ತು, ತುಪ್ಪ ಇನ್ನೂ ಎರಡು ಎಲೆ ಆಚೆ ಇತ್ತು. ಪಕ್ಕದಲ್ಲಿ ಕೂತಿದ್ದ ದೂರದ ನೆಂಟರು ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಬೆಂಡೆ ಎಲೆ, ನರಗಳೆಲ್ಲ ಹಳದಿ. "ತಾರಸಿ ಮೇಲೆ ಬೆಳೆದಿದ್ದು. ನೀನು ಇದರ ಡಾಕ್ಟರ್ ಅಂತಲ್ಲ, ಏನು ಹೊಡೀಬೇಕು ಮಾರಾಯ್ತಿ?"

"ಏನೂ ಹೊಡೀಬೇಡಿ" ಅಂದೆ. ಅವರ ಮುಖ ನೋಡಬೇಕಿತ್ತು. ಪಿಎಚ್‌ಡಿ ಮಾಡಿದ್ದು ಇಷ್ಟು ಹೇಳೋಕಾ ಅನ್ನುವ ಹಾಗೆ.

ಹೌದು, ಇಷ್ಟು ಹೇಳೋಕೇ. ಬೆಂಡೆಯ ಹಳದಿ ನಂಜು, ಟೊಮೆಟೊದ ಎಲೆ ಮುಟುರು, ಎರಡೂ ವೈರಸ್‌ನಿಂದ ಬರುತ್ತವೆ. ವೈರಸ್ ಗಿಡದ ಜೀವಕೋಶದ ಒಳಗೆ ಕೂತು, ಗಿಡದ ಸಾಮಾನಿನಲ್ಲೇ ತನ್ನ ಅಡುಗೆ ಮಾಡಿಕೊಳ್ಳುತ್ತದೆ. ಗಿಡವನ್ನು ಉಳಿಸಿ ಅದನ್ನು ಮಾತ್ರ ಕೊಲ್ಲುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ. ಹರಡುವುದು ಬಿಳಿ ನೊಣ. ರೋಗದ ಗಿಡದ ರಸ ಹೀರಿ ಬಂದ ಒಂದೇ ನೊಣ ಸಾಕು. ನೀವು ಎಲೆ ಮುದುರಿದ್ದನ್ನು ನೋಡುವ ಹೊತ್ತಿಗೆ ಅದು ಬಂದು, ಕೆಲಸ ಮುಗಿಸಿ, ಎರಡು ಮೂರು ವಾರ ಆಗಿರುತ್ತದೆ. ಕಳ್ಳ ಹೋದ ಮೇಲೆ ಬಾಗಿಲಿಗೆ ಯಾವ ಬೀಗ ಒಳ್ಳೇದು ಅಂತ ನನಗೆ ಫೋಟೋ ಕಳಿಸ್ತೀರಿ.

ನಾನು "ಏನೂ ಇಲ್ಲ" ಅಂದರೆ ಯಾರೂ ಸುಮ್ನೆ ಇರುವುದಿಲ್ಲ. ಸೀದಾ ಅಂಗಡಿಗೆ ಹೋಗ್ತಾರೆ. ಅಲ್ಲಿ ಮೂರು ಬಾಟಲಿ ಕೊಡ್ತಾರೆ. ಹುಳಕ್ಕೆ ಒಂದು, ಶಿಲೀಂಧ್ರಕ್ಕೆ ಒಂದು, ಇನ್ನೊಂದು ಟಾನಿಕ್. ಮೂರನ್ನೂ ಒಂದೇ ಡ್ರಮ್ಮಿಗೆ ಸುರಿದು ಹೊಡೀತಾರೆ. ಒಂದು ವಾರ ಬಿಟ್ಟು ಮತ್ತೆ ನನಗೇ ಫೋಟೋ. ಈ ಸಲ ಎಲೆಯ ಅಂಚು ಸುಟ್ಟಿರುತ್ತದೆ.

ಫೋಟೋ ನೋಡಿ ಉತ್ತರ ಹೇಳಲ್ಲ ಅಂದರೆ ಕೊಬ್ಬು ಅಂತಾರೆ. ಕೊಬ್ಬಲ್ಲ, ಭಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಟೊಮೆಟೊ ಫೋಟೋ ಬಂತು. ಎಲೆ ಸಣ್ಣಗಾಗಿ, ತಿರುಚಿಕೊಂಡು, ತುದಿ ದಾರದ ಹಾಗೆ ಆಗಿತ್ತು. ನಾನು ಜಂಬದಿಂದ "ವೈರಸ್, ಕಿತ್ತು ಸುಟ್ಟುಬಿಡಿ" ಅಂದೆ. ಅವರು ನಾಲ್ಕು ಸಾಲು ಕಿತ್ತರು. ಆಮೇಲೆ ಜಾಗಕ್ಕೆ ಹೋದಾಗ ಗೊತ್ತಾಯಿತು, ಪಕ್ಕದ ರಾಗಿ ಹೊಲಕ್ಕೆ ಕಳೆ ಸಾಯಲಿ ಅಂತ ಟೂ ಫೋರ್ ಡಿ ಹೊಡೆದಿದ್ದರು. ಗಾಳಿಗೆ ತೇಲಿ ಬಂದು ಟೊಮೆಟೊಗೆ ತಗುಲಿತ್ತು. ನೋಡಲು ವೈರಸ್ಸೇ. ಅಲ್ಲ. ಆಚೆ ಕಡೆಯ ಸಾಲುಗಳಲ್ಲಿ ಹೊಸ ಚಿಗುರು ಸರಿಯಾಗಿಯೇ ಬರುತ್ತಿತ್ತು. ಆ ರೈತರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಹಾಗಂತ ಹೊಡೆಯುವುದೇ ತಪ್ಪು ಅಂತಲ್ಲ. ನಾನು ಅಡಿಕೆ ತೋಟದ ಮನೆಯವಳು. ಮೈಲುತುತ್ತಿನ ನೀಲಿ ಕಲೆ ಇಲ್ಲದ ಅಂಗಿ ನಮ್ಮಪ್ಪನ ಹತ್ತಿರ ಎರಡೋ ಮೂರೋ ಇದ್ದವು. ಮೊದಲು ನಮ್ಮ ಕಡೆ ಮಳೆಗಾಲದಲ್ಲಿ ಕಾಯಿ ಕೊಳೆಸುವ ಕೊಳೆ ರೋಗ ತಡೆಯಲು ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಮಳೆ ತಾಗದ ಹಾಗೆ ಹೊದಿಕೆ, ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್, ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದರೆ ಕೊಳೆ ನಿಲ್ಲುತ್ತದೆ ಅಂತ ತೋರಿಸಿಕೊಟ್ಟರು. 1910ರಲ್ಲಿ ಅವರು ಅದರ ಬಗ್ಗೆ ಬರೆದಾಗ ರೋಗಕ್ಕೆ ಇಂಗ್ಲಿಷ್ ಹೆಸರು ಹುಡುಕಲು ಹೋಗಲಿಲ್ಲ, 'ಕೊಳೆರೋಗ' ಅಂತಲೇ ಬರೆದರು. ಕಾಫಿಯ ಕೊಳೆ ತರುವ ಶಿಲೀಂಧ್ರಕ್ಕಂತೂ ಅದಕ್ಕೂ ಮುಂಚೆಯೇ ಲ್ಯಾಟಿನ್ ಹೆಸರಿನಲ್ಲೇ 'ಕೊಳೆರೋಗ' ಸೇರಿಕೊಂಡಿತ್ತು. ಓದುವಾಗ ಅದನ್ನು ಮೊದಲ ಸಲ ನೋಡಿ ಲೈಬ್ರರಿಯಲ್ಲಿ ಒಬ್ಬಳೇ ನಕ್ಕಿದ್ದೆ.

ಅಪ್ಪ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ ಬೆರೆಸುತ್ತಿದ್ದರು. ಆಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡುತ್ತಿದ್ದರು. ಅಲಗು ತಾಮ್ರದ ಬಣ್ಣಕ್ಕೆ ತಿರುಗಿದರೆ ಸುಣ್ಣ ಸಾಲದು ಅಂತ. ಆದರೆ ಇದೆಲ್ಲ ಯಾವಾಗ? ಮಳೆ ಹಿಡಿಯುವ ಮೊದಲು. ಗೊನೆಯಲ್ಲಿ ಒಂದು ಕಾಯಿಯೂ ಕೊಳೆಯದೆ ಇರುವಾಗ. ಹೈಸ್ಕೂಲು ಮುಗಿಸದ ಅಪ್ಪನಿಗೆ ಗೊತ್ತಿದ್ದದ್ದು ಅದೊಂದೇ, ಕೊಳೆ ಬಂದ ಮೇಲೆ ಕತ್ತಿ ಅದ್ದಿ ಪ್ರಯೋಜನ ಇಲ್ಲ.

ಹಾಗಾಗಿ ಯಾರಾದರೂ ನನ್ನನ್ನು 'ಏನು ಹೊಡೀಲಿ' ಬದಲು 'ಏನು ನೆಡಲಿ' ಅಂತ ಕೇಳಲಿ ಅಂತ ಆಸೆ. ಅದನ್ನು ಕೇಳಿ ನೋಡಿ, ನಾನು ಫೋನ್ ಇಡುವುದಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಬಗ್ಗೆ ಹೇಳ್ತೀನಿ. ಎಲೆ ಮುಟುರು, ಸೊರಗು ರೋಗ, ಎಲೆ ಚುಕ್ಕೆ ತರುವ ಅಂಗಮಾರಿ, ಮೂರನ್ನೂ ತಡೆದುಕೊಳ್ಳುವ ಟೊಮೆಟೊ ತಳಿ ಅದು. ನರ್ಸರಿಗೆ ಹೋಗಿ ಮೊದಲು ಸಸಿ ನೋಡಬೇಡಿ, ಬಲೆ ನೋಡಿ ಅಂತೀನಿ. ಬಿಳಿ ನೊಣ ನುಗ್ಗದಷ್ಟು ಸಣ್ಣ ಕಣ್ಣಿನ ನೈಲಾನ್ ಬಲೆ ಇದೆಯಾ? ಹರಿದಿದೆಯಾ? ಹರಿದಿದ್ದರೆ ಸಸಿ ಎಷ್ಟೇ ಹಸಿರಾಗಿರಲಿ, ವಾಪಸ್ ಬನ್ನಿ. ಬಿಳಿ ನೊಣಕ್ಕೆ ಅಡ್ಡ ಆಗಲಿ, ಹೊಲದ ಸುತ್ತ ಮೊದಲೇ ಮೆಕ್ಕೆಜೋಳ ಹಾಕಿ ಅಂತೀನಿ.

ತಳಿಯೂ ಶಾಶ್ವತ ಅಲ್ಲ ಅಂತಲೂ ಹೇಳ್ತೀನಿ. ಅದೇ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆಗೆ ಹಳದಿ ನಂಜು ತಡೆಯುವ ಗುಣ ಬಂದದ್ದು ಕಾಡು ಬೆಂಡೆಯಿಂದ. ಬಂದ ಹೊಸದರಲ್ಲಿ ಚೆನ್ನಾಗಿ ತಡೆಯಿತು. ಈಗ ಅದಕ್ಕೂ ನಂಜು ತಗಲುತ್ತದೆ. ನಾವು ವರ್ಷಗಟ್ಟಲೆ ಕೂತು ಬಾಗಿಲು ಮಾಡ್ತೀವಿ, ವೈರಸ್ ಕಿಟಕಿ ಹುಡುಕಿಕೊಳ್ಳುತ್ತದೆ. ನನ್ನ ವೃತ್ತಿ ಅಂದರೆ ಇದೇ. ನೆಂಟರ ಮುಂದೆ ಹೇಳಿಕೊಳ್ಳೋಕೆ ಏನೂ ಚೆನ್ನಾಗಿಲ್ಲ, ಅಲ್ವಾ?

ಸರಿಯಾದ ಪ್ರಶ್ನೆ ಕೇಳಿದವರೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಮಾಲೂರಿನ ಹತ್ತಿರ ಒಬ್ಬರ ಟೊಮೆಟೊ ಹೊಲ. ಗಿಡಗಳು ಹಸಿರಾಗಿಯೇ ಇದ್ದು ಒಂದೊಂದೇ ಬಾಡುತ್ತಿದ್ದವು. ನನಗೆ ಸೊರಗು ರೋಗದ ಗುಮಾನಿ. ಒಂದು ಲೋಟ ನೀರು ಕೊಡಿ ಅಂದೆ. ಬಾಯಾರಿಕೆ ಅಂದುಕೊಂಡು ಅವರ ಹೆಂಡತಿ ಸ್ಟೀಲ್ ಲೋಟದಲ್ಲಿ ತಂದರು. ಕುಡಿದೆ. ಆಮೇಲೆ ಗಾಜಿನ ಲೋಟ ಬೇಕು ಅಂದೆ. ಬಾಡಿದ ಗಿಡದ ಬುಡದ ಕಾಂಡ ಕತ್ತರಿಸಿ, ತುದಿ ನೀರಲ್ಲಿ ಮುಳುಗಿಸಿ ಹಿಡಿದೆ. ಸ್ವಲ್ಪ ಹೊತ್ತಿಗೆ ತುದಿಯಿಂದ ಬಿಳೀ ಎಳೆ ಇಳಿಯತೊಡಗಿತು. "ಹಾಲು ಬಿಟ್ಟಂಗೆ ಐತೆ" ಅಂದರು ಆಯಮ್ಮ. ಅದೆಲ್ಲ ದುಂಡಾಣು, ಬ್ಯಾಕ್ಟೀರಿಯಾ ಅಂದೆ.

ಅವರ ಗಂಡ ಲೋಟವನ್ನೇ ನೋಡುತ್ತಾ ಕೂತರು. ನಾನು ಆ ಮೂರು ಪದಕ್ಕೆ ತಯಾರಾಗಿದ್ದೆ. ಅವರು ಕೇಳಿದ್ದು ಬೇರೆ. "ಇದು ಮಣ್ಣಲ್ಲಿ ಎಷ್ಟು ವರ್ಷ ಇರ್ತದೆ?"

ನನಗೆ ಎದ್ದು ಕೈ ಮುಗಿಯುವ ಹಾಗಾಯಿತು. ವರ್ಷಗಟ್ಟಲೆ ಇರುತ್ತದೆ ಅಂದೆ. ಟೊಮೆಟೊ ಆದ ಮೇಲೆ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಿದರೆ ಅದಕ್ಕೆ ಹಬ್ಬ, ಎಲ್ಲ ಒಂದೇ ಕುಟುಂಬ. ರಾಗಿ ಹಾಕಿ, ಜೋಳ ಹಾಕಿ, ಮಣ್ಣಿಗೆ ಬಿಡುವು ಕೊಡಿ ಅಂತ ಒಂದೇ ಉಸಿರಿಗೆ ಹೇಳಿದೆ.

"ರಾಗಿ ಹಾಕ್ಬೋದು ಮೇಡಂ" ಅಂದರು. "ಬೋರ್‌ವೆಲ್ ಸಾಲ ರಾಗಿ ತೀರಿಸ್ತದಾ?"

ಅದು 2023ರ ಜುಲೈ. ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿತ್ತು. ಆ ಹೊತ್ತಲ್ಲಿ ನಾನು ಅವರಿಗೆ ರಾಗಿ ಹೇಳುತ್ತಿದ್ದೆ. ಬದನೆ ಬೇರಿಗೆ ಕಸಿ ಕಟ್ಟಿದ ಟೊಮೆಟೊ ಸಸಿ ಸಿಗುತ್ತದೆ, ಸೊರಗು ತಡೆಯುತ್ತದೆ, ರೇಟು ಜಾಸ್ತಿ ಅಂದೆ. ಎಷ್ಟು ಜಾಸ್ತಿ ಅಂತ ಕೇಳಿದರು. ಹೇಳಿದೆ. ಸುಮ್ಮನಾದರು.

ಆ ನೀರನ್ನು ಹೊಲಕ್ಕೆ ಚೆಲ್ಲಬೇಡಿ ಅಂದೆ. ಆಯಮ್ಮ ಅದನ್ನು ಕುದಿಸಿ ರಸ್ತೆ ಆಚೆ ಸುರಿದು ಬಂದರು. ಲೋಟವನ್ನು ಬೂದಿ ಹಾಕಿ ತಿಕ್ಕಿದರು. ಆಮೇಲೆ ಅದೇ ಲೋಟದಲ್ಲಿ ನನಗೆ ಟೀ ಕೊಟ್ಟು, ಕುಡಿಯುತ್ತೇನೋ ಇಲ್ಲವೋ ಅಂತ ನೋಡುತ್ತಾ ನಿಂತರು. ಟೊಮೆಟೊ ರೋಗ ಮನುಷ್ಯರಿಗೆ ಅಂಟಲ್ಲ. ಕುಡಿದೆ.